ಮುಂಬಯಿಯ ಬಾಡಿಗೆ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮುಂಬಯಿಯಲ್ಲಿ ವಾಸವಾಗಿದ್ದಿದ್ದರೆ ‘ಬಾಡಿಗೆ ಮನೆ ಹುಡುಕಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರು. ಒಬ್ಬಂಟಿಗನಿಗೆ ಎಲ್ಲಾದರೂ ಒಂದು ಮೂಲೆ ಸಿಕ್ಕೀತು. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ, ಇಷ್ಟು ಜನ ಕಾಲು ಚಾಚುವಷ್ಟು ಜಾಗ ಬೇಕೆಂದರೆ ಮಾತ್ರ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಜನ ಹೆಚ್ಚಾದದ್ದೊಂದೇ ಇದಕ್ಕೆ ಕಾರಣವಲ್ಲ. ಇದರ ಹಿಂದೆ ನೂರು ವರ್ಷಗಳ ಚರಿತ್ರೆಯಿದೆ.

ಗಿರಣಿಗಳ ಮುಂಬಯಿಗೆ ಬೇಕಾಗಿದ್ದುದು ದುಡಿಯುವ ಕೈಗಳು. ಅವುಗಳ ಹಿಂದಿನ ಸಂಸಾರವಲ್ಲ. ಉದ್ದನೆಯ ಪಡಸಾಲೆ, ಸಾಲಾಗಿ ಖೋಲಿಗಳು, ಎಲ್ಲರಿಗೂ ಸೇರಿ ನಲ್ಲಿ, ಪಾಯಖಾನೆ. ಇದೇ ಚಾಳು. ಗಂಡಸರು ಒಂದೇ ಖೋಲಿಯಲ್ಲಿ ಹತ್ತಾರು ಮಂದಿ ಮಲಗಿ, ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ೧೮೯೬ರಲ್ಲಿ ಪ್ಲೇಗು ಬಂದ ಮೇಲೆ ಸರ್ಕಾರ ಎಚ್ಚೆತ್ತು, ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ೧೯೨೦ರ ದಶಕದಲ್ಲಿ ವರಳಿ, ನಾಯಗಾಂವ್ ಮೊದಲಾದ ಕಡೆ ಸರ್ಕಾರವೇ ೨೦೭ ಚಾಳುಗಳನ್ನು ಕಟ್ಟಿಸಿತು. ಅಲ್ಲಿಯೂ ಒಂದು ಬಿಡಾರವೆಂದರೆ ೧೬೦ ಚದರಡಿಯ ಒಂದೇ ಕೋಣೆ.

ಸಂಸಾರಕ್ಕೆ ತಕ್ಕ ಬಾಡಿಗೆ ಮನೆ ಮಧ್ಯಮ ವರ್ಗಕ್ಕೆ ದೊರೆತದ್ದು ಟ್ರಸ್ಟಿನ ಹೊಸ ಬಡಾವಣೆಗಳಾದ ದಾದರ್, ಮಾಟುಂಗಾಗಳಲ್ಲಿ. ಅಡಿಗೆಮನೆ, ಬಚ್ಚಲು, ಪಾಯಖಾನೆ ಎಲ್ಲವೂ ಒಂದೇ ಬಾಗಿಲಿನ ಒಳಗಿರುವ ‘ಫ್ಲಾಟು’ ಆಗ ಹೊಸತು. ಪಾಯಖಾನೆ ಮನೆಯೊಳಗೇ ಇರುವುದೆಂದರೆ ಮಡಿವಂತರಿಗೆ ಮೊದಮೊದಲು ಮುಜುಗರ. ಆದರೂ ದಕ್ಷಿಣದಿಂದ ಬಂದ ಗುಮಾಸ್ತರು ಅಲ್ಲಿ ಸಂಸಾರ ಹೂಡಿದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಅದರ ಬೆನ್ನಿಗೇ ದೇಶವಿಭಜನೆಯಾಗಿ ನಿರಾಶ್ರಿತರು ಬಂದರು. ಆಗ ಹುಟ್ಟಿದ್ದು ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆ. ಹಳೆಯ ಮನೆಗಳ ಬಾಡಿಗೆಯನ್ನು ೧೯೪೦ರ ಸೆಪ್ಟೆಂಬರ್ ೧ರಂದು ಇದ್ದ ಮಟ್ಟಕ್ಕೇ ನಿಲ್ಲಿಸಲಾಯಿತು. ಸಕಾರಣವಿಲ್ಲದೆ ಬಾಡಿಗೆದಾರನನ್ನು ಬಿಡಿಸುವಂತಿರಲಿಲ್ಲ. ಅಂದು ಅದು ನ್ಯಾಯವೇ. ಅದಿಲ್ಲದಿದ್ದರೆ ಎಷ್ಟೋ ಸಂಸಾರಗಳು ಬೀದಿಗೆ ಬೀಳುತ್ತಿದ್ದವು.

ಆದರೆ ಅಕ್ಕಿ ಬೇಳೆಯ ಬೆಲೆ ಏರಿತು, ಸಂಬಳ ಏರಿತು. ಬಾಡಿಗೆ ಮಾತ್ರ ನಿಂತಲ್ಲೇ ನಿಂತಿತು. ಮಾಲಿಕ ರಿಪೇರಿಯನ್ನು ಕೈಬಿಟ್ಟ. ಕಟ್ಟಡಗಳು ಕುಸಿಯತೊಡಗಿದಾಗ ಸರ್ಕಾರ ೧೯೬೯ರಲ್ಲಿ ಕರ ಹಾಕಿ ರಿಪೇರಿ ಮಂಡಲಿಯನ್ನು ರಚಿಸಬೇಕಾಯಿತು. ಬಾಡಿಗೆಗೆಂದು ಹೊಸ ಮನೆ ಕಟ್ಟುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. ಕಟ್ಟಿದವರು ಮಾರಲೆಂದೇ ಕಟ್ಟಿದರು. ಹಳೆಯ ಮನೆ ತೆರವಾದರೆ ‘ಪಗಡಿ’ ಕೇಳುತ್ತಿದ್ದರು. ಪಗಡಿ ಎಂದರೆ ಪೇಟ. ಮರ್ಯಾದೆಯ ಹೆಸರು, ಗುಟ್ಟಿನ ಹಣ. ಕಾಯಿದೆ ಅದನ್ನು ಅಪರಾಧವೆಂದಿತ್ತು; ಊರು ಅದನ್ನು ಪದ್ಧತಿಯೆಂದುಕೊಂಡಿತ್ತು.

ಕಾಯಿದೆಯಿಂದ ನುಣುಚಿಕೊಳ್ಳಲು ಮಾಲಿಕರು ‘ಬಾಡಿಗೆ’ ಎಂಬ ಮಾತನ್ನೇ ಬಿಟ್ಟು ‘ಲೈಸೆನ್ಸ್’ ಎಂದರು. ೧೯೭೩ರ ತಿದ್ದುಪಡಿ, ಆ ವರ್ಷದ ಫೆಬ್ರವರಿ ೧ರಂದು ಹಾಗೆ ವಾಸವಾಗಿದ್ದವರನ್ನೂ ಬಾಡಿಗೆದಾರರೆಂದೇ ಎಣಿಸಿತು. ಒಳಗಿದ್ದವರು ಬದುಕಿದರು, ಮಾಲಿಕರು ಇನ್ನಷ್ಟು ಬೆದರಿ ಖಾಲಿ ಮನೆಗೆ ಬೀಗ ಹಾಕಿದರು. ಕೊಟ್ಟರೂ ಹನ್ನೊಂದು ತಿಂಗಳ ಕರಾರು. ಆ ಕರಾರಿನ ಕೃಪೆಯಿಂದ ನನ್ನ ಸಂಸಾರ ಒಂಬತ್ತು ವರ್ಷಗಳಲ್ಲಿ ಆರು ಮನೆಗಳನ್ನು ಕಂಡಿತು. ಪ್ರತಿ ಸಲವೂ ನನ್ನ ತಾಯಿ ಹೊಸ ಗೋಡೆಯಲ್ಲಿ ದೇವರ ಪಟಕ್ಕೆ ಮೊಳೆ ಹೊಡೆಯಲು ಅನುಮತಿ ಕೇಳಬೇಕಾಗುತ್ತಿತ್ತು.

೧೯೯೭ರಲ್ಲಿ ಸರ್ವೋಚ್ಚ ನ್ಯಾಯಾಲಯ, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಇನ್ನು ನ್ಯಾಯಸಮ್ಮತವಲ್ಲ ಎಂದಿತು. ೧೯೯೯ರ ಹೊಸ ಕಾಯಿದೆ ೨೦೦೦ದಲ್ಲಿ ಜಾರಿಗೆ ಬಂದು, ವರ್ಷಕ್ಕೆ ಶೇಕಡಾ ೪ರ ಏರಿಕೆಗೆ ಅವಕಾಶ ಕೊಟ್ಟಿತು, ಪಗಡಿಯನ್ನೂ ಒಪ್ಪಿಕೊಂಡಿತು. ಹಳೆಯ ಬಾಡಿಗೆದಾರರ ರಕ್ಷಣೆ ಉಳಿಯಿತು.

ಅವರ ಮೇಲೆ ನನಗೆ ಮತ್ಸರವಿಲ್ಲ. ಮುಪ್ಪಿನಲ್ಲಿ ಅವರೆಲ್ಲಿಗೆ ಹೋದಾರು? ಆದರೆ ಕಾಯಿದೆಯ ಕಣ್ಣಿಗೆ ಬೀಳುವವನು ಮನೆಯೊಳಗಿರುವವನು. ಟ್ರಂಕು ಹಿಡಿದು, ಮಕ್ಕಳ ಕೈ ಹಿಡಿದು ಹೊಸ್ತಿಲಾಚೆ ನಿಂತವನಿಗೆ ಅದರಲ್ಲಿ ಒಂದು ಹೆಸರೂ ಇಲ್ಲ. ಅವನಿಗೆ ಕಾಯಿದೆಯಿಂದ ದೊರೆಯಬೇಕಾದ ರಕ್ಷಣೆ ಒಂದೇ: ಬಾಡಿಗೆಗೆ ಇನ್ನಷ್ಟು ಮನೆಗಳು.