ಆಪತ್ತಿಗೆ ಮುನ್ನವೇ ಮನಸ್ಸಿಗೆ ಮದ್ದು: ಅಲ್‌ಬಲ್ಖಿಯವರ ಪಾಠ

ಮಗುವಿಗೆ ಜ್ವರ ಬಂದರೆ ನಾವು ಕೂಡಲೇ ವೈದ್ಯರ ಬಳಿಗೆ ಧಾವಿಸುತ್ತೇವೆ. ಅದೇ ಮಗು ಬೆಳೆದು, ವಾರಗಟ್ಟಲೆ ಮಾತು ಬಿಟ್ಟು ಮೂಲೆ ಸೇರಿದರೆ ‘ಈಮಾನ್ ದುರ್ಬಲವಾಗಿದೆ’ ಎಂದು ತೀರ್ಪು ನೀಡಿ ಸುಮ್ಮನಾಗುತ್ತೇವೆ. ಆದರೆ ನಮ್ಮ ಪೂರ್ವಿಕ ವಿದ್ವಾಂಸರೊಬ್ಬರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬೇರೆ ದಾರಿ ತೋರಿದ್ದರು.

ಅಬೂ ಝೈದ್ ಅಲ್‌ಬಲ್ಖಿ ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರಾಂತದವರು; ಶಿಕ್ಷಕರೊಬ್ಬರ ಪುತ್ರ. ಭೂಗೋಳ ಶಾಸ್ತ್ರಜ್ಞರೆಂದೂ ಹೆಸರಾಗಿದ್ದ ಅವರು ಕ್ರಿ.ಶ. 934ರಲ್ಲಿ (ಹಿಜರಿ 322) ನಿಧನರಾದರು. ಅವರ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಗ್ರಂಥದ ಮೊದಲ ಭಾಗ ದೇಹದ ಆರೋಗ್ಯಕ್ಕೂ, ಎಂಟು ಅಧ್ಯಾಯಗಳ ಎರಡನೆಯ ಭಾಗ ಮನಸ್ಸಿನ ಆರೋಗ್ಯಕ್ಕೂ ಮೀಸಲಾಗಿದೆ. ತಮ್ಮ ಕಾಲದ ವೈದ್ಯರು ಮನಸ್ಸನ್ನು ಕಡೆಗಣಿಸಿದ್ದಾರೆಂಬ ಕೊರಗು ಅವರಿಗಿತ್ತು.

ಅವರ ವಾದ ಸರಳವಾದುದು. ದೇಹಕ್ಕೆ ಆಕಸ್ಮಿಕವಾಗಿ ಒದಗುವ ಬಾಧೆಗಾಗಿ ವಿವೇಕಿಯು ಔಷಧವನ್ನು ಮನೆಯಲ್ಲಿ ಮೊದಲೇ ಇಟ್ಟುಕೊಳ್ಳುತ್ತಾನೆ. ಹಾಗೆಯೇ ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಚಿಂತನೆಗಳನ್ನು ರೂಢಿಸಿಕೊಂಡು, ಸಂಕಟದ ಗಳಿಗೆಗೆ ಕಾಪಿಟ್ಟುಕೊಳ್ಳಬೇಕು. ಮನಸ್ಸಿಗೆ ಚಿಕಿತ್ಸೆಯು ಎರಡು ಕಡೆಯಿಂದ ಬರುತ್ತದೆ: ಒಳಗಿನಿಂದ ಸ್ವಂತ ಚಿಂತನೆ, ಹೊರಗಿನಿಂದ ಹಿತೈಷಿಗಳ ಮಾತು. ಇಂದು ನಾವು ಆಪ್ತಸಮಾಲೋಚನೆ, ಮನೋತರಬೇತಿ ಎನ್ನುವುದರ ತಿರುಳು ಇದೇ ಅಲ್ಲವೇ?

ಕೋಪ, ಭಯ, ದುಃಖ, ಬಿಡದೆ ಕಾಡುವ ವಸ್‌ವಾಸ್ ಎಂದು ಮನೋಬಾಧೆಗಳನ್ನು ಅವರು ನಾಲ್ಕಾಗಿ ವಿಂಗಡಿಸಿದರು. ಭಯಕ್ಕೆ ಅವರು ಕೊಟ್ಟ ದೃಷ್ಟಾಂತ ಸುಂದರವಾಗಿದೆ: ದಟ್ಟ ಮಂಜನ್ನು ಕಂಡ ಮರುಭೂಮಿಯ ಅರಬನೊಬ್ಬ ಅದನ್ನು ಭೇದಿಸಲಾಗದ ಗೋಡೆಯೆಂದೇ ಭಾವಿಸಿದ, ಒಳಹೊಕ್ಕಾಗ ಅದು ಬರೀ ತೇವದ ಗಾಳಿಯೆಂದು ತಿಳಿಯಿತು. ವಸ್‌ವಾಸ್‌ನಿಂದ ಬಳಲುವವರು ಒಂಟಿತನವನ್ನೂ ಆಲಸ್ಯವನ್ನೂ ದೂರವಿಡಬೇಕೆಂದರು. ಕಾರಣ ತಿಳಿದ ದುಃಖ, ಕಾರಣವೇ ತಿಳಿಯದ ದುಃಖ ಎಂದು ಬೇರ್ಪಡಿಸಿ, ಎರಡನೆಯದರ ಮೂಲವು ರಕ್ತದಲ್ಲಿದೆಯೆಂದು ಬಗೆದು, ಅದಕ್ಕೆ ವೈದ್ಯ ಚಿಕಿತ್ಸೆಯನ್ನೂ ಸೂಚಿಸಿದರು. ಇಂದಿನ ವೈದ್ಯಶಾಸ್ತ್ರದ ವಿವರಣೆ ಬೇರೆ. ಆದರೆ ರೋಗಿಯನ್ನು ಅಪರಾಧಿಯಾಗಿಸದ ಆ ದೃಷ್ಟಿ ಇಂದಿಗೂ ಸಲ್ಲುತ್ತದೆ.

ಇಸ್ತಾಂಬುಲ್‌ನ ಹಸ್ತಪ್ರತಿಗಳಲ್ಲಿ ಉಳಿದಿದ್ದ ಈ ಗ್ರಂಥದ ಮನಸ್ಸಿನ ಭಾಗವನ್ನು ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರು 2013ರಲ್ಲಿ ಇಂಗ್ಲಿಷಿಗೆ ತಂದರು.

ಹೆತ್ತವರೇ, ನಮಾಝ್ ಮತ್ತು ದುಆ ನಮ್ಮ ಆಸರೆ; ವೈದ್ಯರ ಬಳಿಗೆ ಹೋಗುವುದು ಅದಕ್ಕೆ ವಿರುದ್ಧವಲ್ಲ. ಮಗು ಮೂಲೆ ಸೇರುವ ಮುನ್ನವೇ ದಿನಕ್ಕೊಮ್ಮೆ ಅದರ ಪಕ್ಕದಲ್ಲಿ ಕುಳಿತು, ತೀರ್ಪು ನೀಡದೆ ಮಾತು ಕೇಳೋಣ. ಅಲ್‌ಬಲ್ಖಿ ಹೇಳಿದ ಮನೆಮದ್ದಿನ ಪೆಟ್ಟಿಗೆ ತುಂಬುವುದು ಅಲ್ಲಿಂದಲೇ.