ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಮಾರ್ಗ: ದೂರ ಮತ್ತು ಪ್ರಯಾಣಕಾಲ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೂ ನಡುವಣ ತಡೆಯಿಲ್ಲದ ವಾಯುಮಾರ್ಗ. ಏರ್ ಇಂಡಿಯಾ 2021ರ ಜನವರಿಯಲ್ಲಿ ಇದನ್ನು ಆರಂಭಿಸಿತು. ತಮಿಳುನಾಡಿನ ಹೊಸೂರಿಗೆ ಹೊಂದಿಕೊಂಡ ಮೂಕಂಡಪಲ್ಲಿಯೇ ಮೊದಲಾದ ಗಡಿನಾಡಿನ ಊರುಗಳವರಿಗೂ ಪರದೇಶಪ್ರಯಾಣಕ್ಕೆ ದೇವನಹಳ್ಳಿಯೇ ಸಮೀಪದ ದ್ವಾರ.

ದೂರ

ಭೂಮಿಯು ಗೋಲಾಕಾರವಾದುದರಿಂದ, ಅದರ ಮೇಲಿನ ಎರಡು ಸ್ಥಳಗಳ ನಡುವಣ ಕನಿಷ್ಠ ದೂರವು ನಕ್ಷೆಯ ಮೇಲೆಳೆದ ಸರಳರೇಖೆಯಲ್ಲ, ಗೋಲದ ಕೇಂದ್ರವನ್ನು ಹಾಯುವ ಸಮತಲವು ಮೇಲ್ಮೈಯನ್ನು ಕತ್ತರಿಸುವಲ್ಲಿ ಉಂಟಾಗುವ ಮಹಾವೃತ್ತದ ಕಂಸ. ಬೆಂಗಳೂರಿನ ನಿಲ್ದಾಣ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 78 ಡಿಗ್ರಿ ಪೂರ್ವ ರೇಖಾಂಶದಲ್ಲಿಯೂ, ಸ್ಯಾನ್ ಫ್ರಾನ್ಸಿಸ್ಕೊ 37½ ಡಿಗ್ರಿ ಉತ್ತರ, 122½ ಡಿಗ್ರಿ ಪಶ್ಚಿಮದಲ್ಲಿಯೂ ಇರುವುದರಿಂದ ಕೋನಾಂತರ ಸುಮಾರು 126 ಡಿಗ್ರಿಯಾಗಿ, ದೂರ 14,000 ಕಿಲೋಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನಿಂದ, ಉತ್ತರ ದಿಕ್ಕಿಗಿಂತ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ ಹೊರಡುವ ಈ ಕಂಸ ನೇಪಾಳ, ಟಿಬೆಟ್, ಸೈಬೀರಿಯಗಳನ್ನು ಹಾದು, 71 ಡಿಗ್ರಿ ಅಕ್ಷಾಂಶದಲ್ಲಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿಯುತ್ತದೆ. ಉತ್ತರಧ್ರುವವನ್ನು ಅದು ಮುಟ್ಟುವುದಿಲ್ಲವೆಂಬುದು ಗಮನಾರ್ಹ.

ಕಾಲ

ಹಾರುವ ದಾರಿ ಸಾಮಾನ್ಯವಾಗಿ ಕಂಸಕ್ಕಿಂತ ದೀರ್ಘ. ಒಳಗಿನ ವಾಯುಒತ್ತಡ ಕುಸಿದಾಗ ವಿಮಾನವು ಸುಮಾರು 3,000 ಮೀಟರಿಗೆ ಇಳಿಯಬೇಕಾಗುವುದರಿಂದ, ಅದಕ್ಕಿಂತ ಎತ್ತರವಾದ ಟಿಬೆಟ್ಟಿನ ಪ್ರಸ್ಥಭೂಮಿಯ ಮೇಲೆ ಹಾರಲು ವಿಶೇಷ ಎಚ್ಚರ ಬೇಕು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲ ಮಾರುತ ಪೂರ್ವಾಭಿಮುಖವಾದ ವಿಮಾನಕ್ಕೆ ಅನುಕೂಲ, ಎದುರು ಬರುವುದಕ್ಕೆ ಪ್ರತಿಕೂಲ. ಆದುದರಿಂದಲೇ ಬೆಂಗಳೂರಿಗೆ ಬರುವ ವಿಮಾನಕ್ಕೆ ಧ್ರುವದ ಕಡೆಯ ಬಳಸುದಾರಿ ಲಾಭಕರವಾಗಬಲ್ಲದು. ಆ ದಾರಿಯ ಶೀತದಲ್ಲಿ ಇಂಧನದ ಉಷ್ಣತೆಯನ್ನು ಕಾಯಬೇಕು, ಕಾಂತೀಯ ದಿಕ್ಸೂಚಿಯನ್ನು ನೆಚ್ಚುವಂತಿಲ್ಲ. ಕ್ಯಾಪ್ಟನ್ ಜೋಯಾ ಅಗರ್ವಾಲರ ನೇತೃತ್ವದಲ್ಲಿ ಮಹಿಳಾ ಚಾಲಕರೇ ನಡೆಸಿದ ಚೊಚ್ಚಲ ಯಾನ ಧ್ರುವಮಾರ್ಗವಾಗಿಯೇ ಬಂದಿತು. ಬೋಯಿಂಗ್ 777 ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದುದನ್ನು ಕಂಡವರಿಗೆ ಎರಡು ದಿನದ ಪಯಣವೆನಿಸಬಹುದಾದರೂ, ಚಳಿಗಾಲದ 13½ ಗಂಟೆಗಳ ಕಾಲವ್ಯತ್ಯಾಸವನ್ನು ಕಳೆದರೆ ಉಳಿಯುವುದು ಸುಮಾರು ಹದಿನೇಳೂವರೆ ಗಂಟೆ.

ಮೂಕಂಡಪಲ್ಲಿಯಿಂದ

ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಈ ಊರಿನವರು ಅತ್ತಿಬೆಲೆಯ ಗಡಿ ದಾಟಿ, ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ಹಾದು ದೇವನಹಳ್ಳಿ ಸೇರಬೇಕು. 2008ರ ಮೇ ತಿಂಗಳವರೆಗೆ ನಾಗರಿಕ ಸಂಚಾರ ನಡೆದ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಇವರಿಗೆ ಬಹು ಸಮೀಪವಾಗಿದ್ದಿತು. ಹೊಸೂರಿನಲ್ಲಿ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ಸಾರಿತು. ದೇವನಹಳ್ಳಿಯಿಂದ 150 ಕಿಲೋಮೀಟರಿನೊಳಗೆ 25 ವರ್ಷ ಸ್ಪರ್ಧಿ ನಿಲ್ದಾಣ ಬರಬಾರದೆಂಬ ಒಪ್ಪಂದ ಅದಕ್ಕೆ ಅಡ್ಡಿಯಾಗಿದೆ. ಹೊಸೂರಿನಿಂದಲೇ ಹಾರಿದರೆ ಮಹಾವೃತ್ತದ ದೂರ ಹೆಚ್ಚುವುದು 50 ಕಿಲೋಮೀಟರಿಗೂ ಕಡಿಮೆ, ಅಂದರೆ ಮೂರು ನಾಲ್ಕು ನಿಮಿಷದ ಹಾರಾಟ. ಉಳಿತಾಯವಾಗುವುದು ಮಹಾನಗರವನ್ನು ಹಾಯುವ ರಸ್ತೆಯ ಗಂಟೆಗಳು.