ಕ್ರಾಂತಿಗಿಂತ ಹಳೆಯ ಪುಸ್ತಕ: ಲಾಕ್‌ನ ಎರಡು ಪ್ರಬಂಧಗಳ ಕಾಲನಿರ್ಣಯ

ಜಾನ್ ಲಾಕ್ ‘ಟೂ ಟ್ರೀಟಿಸಸ್ ಆಫ್ ಗವರ್ನಮೆಂಟ್’ ಬರೆದದ್ದು 1688ರ ರಕ್ತರಹಿತ ಕ್ರಾಂತಿಯನ್ನು ಸಮರ್ಥಿಸಲು ಎಂಬ ಮಾತು ರಾಜ್ಯಶಾಸ್ತ್ರದ ತರಗತಿಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಹಾಗೆ ನಂಬಲು ದಾರಿ ಮಾಡಿಕೊಟ್ಟವನು ಲಾಕ್‌ನೇ. ಆ ಕ್ರಾಂತಿಯಿಂದ ಇಂಗ್ಲೆಂಡಿನ ಅರಸನಾದ ಮೂರನೆಯ ವಿಲಿಯಮ್‌ನ ಪಟ್ಟವನ್ನು ಭದ್ರಪಡಿಸಲು, ಜನಸಮ್ಮತಿಯೇ ಆ ಪಟ್ಟದ ಆಧಾರವೆಂದು ತೋರಿಸಲು ತನ್ನ ಬರಹ ಸಾಕಾದೀತು ಎಂಬ ಆಶಯ ಅವನ ಮುನ್ನುಡಿಯಲ್ಲಿದೆ. ಪುಸ್ತಕ ಮಾರಾಟಕ್ಕೆ ಬಂದದ್ದು 1689ರ ಕೊನೆಯಲ್ಲಿ. ಶೀರ್ಷಿಕೆ ಪುಟದಲ್ಲಿ ಮಾತ್ರ 1690 ಎಂದಿದೆ. ಹೀಗಿರುವಾಗ ಅದನ್ನು ಹಿಂದಿನ ವರ್ಷದ ಕ್ರಾಂತಿಯ ಜೊತೆ ಗಂಟುಹಾಕಿದರೆ ಆಶ್ಚರ್ಯವೇನಿಲ್ಲ. ಆದರೆ ಮುನ್ನುಡಿ ಎಂಬುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರೆಯುವ ಭಾಗ. ಅದರಿಂದ ಪುಸ್ತಕದ ವಯಸ್ಸು ಗೊತ್ತಾಗುವುದಿಲ್ಲ.

ಈ ಗಂಟನ್ನು ಬಿಚ್ಚಿದವರು ಕೇಂಬ್ರಿಡ್ಜ್‌ನ ಪೀಟರ್ ಲ್ಯಾಸ್ಲೆಟ್. 1960ರಲ್ಲಿ ಅವರು ಹೊರತಂದ ಪರಿಷ್ಕೃತ ಆವೃತ್ತಿಯ ಪ್ರಸ್ತಾವನೆಯ ವಾದ ಸರಳವಾಗಿದೆ: ಕೃತಿಯ ಬಹುಭಾಗ ಕ್ರಾಂತಿಗೆ ಸುಮಾರು ಎಂಟು ವರ್ಷ ಮೊದಲೇ ಸಿದ್ಧವಾಗಿತ್ತು. ಅವರ ಸಾಕ್ಷ್ಯಗಳಲ್ಲಿ ಮುಖ್ಯವಾದದ್ದು ರಾಬರ್ಟ್ ಫಿಲ್ಮರ್ ಎಂಬ ಹೆಸರು. ಆದಮನಿಗೆ ದೇವರು ಕೊಟ್ಟ ತಂದೆಯ ಅಧಿಕಾರವೇ ರಾಜರಿಗೆ ಇಳಿದುಬಂದಿದೆ ಎಂದು ವಾದಿಸಿದ ಫಿಲ್ಮರ್ ತೀರಿಕೊಂಡದ್ದು 1653ರಲ್ಲಿ. ಅವನ ಬಿಡಿ ಬರಹಗಳ ಸಂಕಲನ 1679ರಲ್ಲಿ ಮರುಮುದ್ರಣವಾಯಿತು. ಹಸ್ತಪ್ರತಿಯಲ್ಲೇ ಉಳಿದಿದ್ದ ‘ಪೇಟ್ರಿಯಾರ್ಕ’ 1680ರಲ್ಲಿ ಅಚ್ಚಾಯಿತು. ಸತ್ತು ಕಾಲು ಶತಮಾನವಾದ ಲೇಖಕನಿಗೆ ಇಂಥ ಮರುಹುಟ್ಟು ಸುಮ್ಮನೆ ಬರುವುದಿಲ್ಲ. ಎರಡನೆಯ ಚಾರ್ಲ್ಸ್‌ನ ತಮ್ಮ ಜೇಮ್ಸ್ ಕ್ಯಾಥೊಲಿಕ್. ಅವನಿಗೆ ಸಿಂಹಾಸನ ಸಿಗದಂತೆ ಮಾಡಬೇಕೆಂದು ಸಂಸತ್ತಿನಲ್ಲಿ 1679ರಿಂದ 1681ರವರೆಗೆ ಮತ್ತೆ ಮತ್ತೆ ಮಸೂದೆ ಬರುತ್ತಿತ್ತು. ರಾಜಪಕ್ಷದವರಿಗೆ ಫಿಲ್ಮರ್ ಬೇಕಾದದ್ದು ಆಗ. ಲಾಕ್‌ನ ಮೊದಲ ಪ್ರಬಂಧವಂತೂ ಫಿಲ್ಮರ್‌ನನ್ನು ಬೆನ್ನುಹತ್ತಿ, ಅವನು ಉದ್ಧರಿಸಿದ ಬೈಬಲ್ ವಾಕ್ಯಗಳನ್ನು ಒಂದೊಂದಾಗಿ ಹಿಡಿದು ಜಗ್ಗುವ ಬರಹ. ನಿಜ ಹೇಳಬೇಕೆಂದರೆ ಓದಲು ಬೇಸರ ಹುಟ್ಟಿಸುತ್ತದೆ. ಆ ಬೇಸರವೂ ಒಂದು ಸಾಕ್ಷ್ಯವೇ ಇರಬಹುದು: ಮುಂದೆ ಅರಸನಾದ ಜೇಮ್ಸ್ 1688ರ ಕ್ರಾಂತಿಯಲ್ಲಿ ಓಡಿಹೋದ ಮೇಲೆ ಕೂತು ಬರೆಯುವವನು ಇಷ್ಟು ಪುಟಗಳನ್ನು ಇದಕ್ಕೆ ಮೀಸಲಿಡುತ್ತಿದ್ದನೆಂಬುದು ಅನುಮಾನ.

ಎರಡು ಪ್ರಬಂಧಗಳಲ್ಲಿ ಯಾವುದು ಮೊದಲು? ಇಲ್ಲಿ ಲ್ಯಾಸ್ಲೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎರಡನೆಯ ಪ್ರಬಂಧದ 22ನೆಯ ಪರಿಚ್ಛೇದದಲ್ಲಿ ಲಾಕ್ ಫಿಲ್ಮರ್‌ನನ್ನು ಹೆಸರಿಸಿ 55 ಎಂದು ಪುಟಸಂಖ್ಯೆ ಕೊಡುತ್ತಾನೆ. ಆ ಪುಟ ಬರುವುದು 1679ರ ಸಂಕಲನದಲ್ಲಿ, 1680ರ ‘ಪೇಟ್ರಿಯಾರ್ಕ’ದಲ್ಲಲ್ಲ. ಆದ್ದರಿಂದ ‘ಪೇಟ್ರಿಯಾರ್ಕ’ ಕೈಗೆ ಬರುವ ಮೊದಲೇ ಎರಡನೆಯ ಪ್ರಬಂಧ ಶುರುವಾಗಿತ್ತು, ಮೊದಲನೆಯದನ್ನು ಆಮೇಲೆ ಬರೆದ ಎಂಬುದು ಅವರ ಊಹೆ. ಜಾಣ ಊಹೆ, ಆದರೆ ನನಗೆ ಒಪ್ಪಿಗೆಯಾಗಿಲ್ಲ. ಮೊದಲ ಪ್ರಬಂಧದಲ್ಲಿಯೂ ಲಾಕ್ ಆ ಸಂಕಲನವನ್ನು ಬಳಸಿದ್ದಾನೆ. ಎರಡೂ ಪುಸ್ತಕ ಮೇಜಿನ ಮೇಲಿದ್ದವನು ಬೇಕಾದ ಪುಟವನ್ನು ಬೇಕಾದಲ್ಲಿಂದ ಎತ್ತಿಕೊಳ್ಳಬಹುದಲ್ಲವೇ? ರಿಚರ್ಡ್ ಆಷ್‌ಕ್ರಾಫ್ಟ್ 1986ರ ತಮ್ಮ ಗ್ರಂಥದಲ್ಲಿ ಎರಡನೆಯ ಪ್ರಬಂಧವನ್ನು 1681–82ಕ್ಕೆ ತಂದು ನಿಲ್ಲಿಸಿದರು. ಇದು ಹೆಚ್ಚು ಹೊಂದುತ್ತದೆ. 1681ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕರೆದ ಸಂಸತ್ತನ್ನು ಚಾರ್ಲ್ಸ್ ಒಂದೇ ವಾರದಲ್ಲಿ ವಿಸರ್ಜಿಸಿದ. 1685ರಲ್ಲಿ ಸಾಯುವವರೆಗೂ ಇನ್ನೊಂದನ್ನು ಕರೆಯಲಿಲ್ಲ. ಕೊನೆಯ ಅಧ್ಯಾಯದಲ್ಲಿ, ಶಾಸಕಾಂಗ ಸಕಾಲಕ್ಕೆ ಸೇರದಂತೆ ತಡೆಯುವ ಅರಸನೇ ಸರ್ಕಾರವನ್ನು ಒಡೆದವನು ಎಂದು ಲಾಕ್ ಹೇಳುವಾಗ ಅವನ ಕಣ್ಣ ಮುಂದೆ ಇದ್ದದ್ದು ಚಾರ್ಲ್ಸ್ ಎಂದೇ ತೋರುತ್ತದೆ. ಅದೇ ಅಧ್ಯಾಯದ ಕೆಲವು ಮಾತುಗಳು 1689ರಲ್ಲಿ ಸೇರಿಸಿದವು ಎಂಬುದನ್ನೂ ವಿದ್ವಾಂಸರು ಒಪ್ಪುತ್ತಾರೆ. ತಿಂಗಳು, ವರ್ಷಗಳ ಜಗಳ ಏನೇ ಇರಲಿ, ಕ್ರಾಂತಿಗೆ ಮುಂಚಿನದು ಎಂಬ ಮೂಲ ತೀರ್ಮಾನ ಅಲುಗಾಡಿಲ್ಲ.

ಹಾಗಾದರೆ ಇಷ್ಟು ವರ್ಷ ಅಚ್ಚಿಗೆ ಕೊಡದೆ ಇಟ್ಟುಕೊಂಡದ್ದೇಕೆ? ಲಾಕ್ ಇದ್ದದ್ದು ವಿರೋಧ ಪಕ್ಷದ ನಾಯಕ ಶಾಫ್ಟ್ಸ್‌ಬರಿಯ ಆಶ್ರಯದಲ್ಲಿ, 1667ರಿಂದ ಅವನ ಮನೆಯ ವೈದ್ಯನಾಗಿ, ಸಲಹೆಗಾರನಾಗಿ. ಶಾಫ್ಟ್ಸ್‌ಬರಿ ಹಾಲೆಂಡ್‌ಗೆ ಓಡಿಹೋಗಿ 1683ರ ಜನವರಿಯಲ್ಲಿ ಅಲ್ಲಿಯೇ ಸತ್ತ. ಆ ವರ್ಷ ಅರಸನನ್ನು ಕೊಲ್ಲುವ ರೈ ಹೌಸ್ ಸಂಚು ಬಯಲಾಗಿ ಗಣರಾಜ್ಯವಾದಿ ಆಲ್ಜರ್ನನ್ ಸಿಡ್ನಿ ಸೆರೆಯಾದ. ರಾಜದ್ರೋಹಕ್ಕೆ ಎರಡು ಸಾಕ್ಷಿ ಬೇಕು. ಸಿಕ್ಕದ್ದು ಒಬ್ಬನೇ, ಲಾರ್ಡ್ ಹವರ್ಡ್. ಎರಡನೆಯ ಸಾಕ್ಷಿಯ ಜಾಗದಲ್ಲಿ ಸಿಡ್ನಿಯ ಮನೆಯಲ್ಲಿ ಸಿಕ್ಕ ಹಸ್ತಪ್ರತಿಯನ್ನೇ ಇಟ್ಟರು. ಅದು ಇನ್ನೂ ಅಚ್ಚಾಗಿರದ, ಫಿಲ್ಮರ್‌ನನ್ನೇ ಖಂಡಿಸುವ ಬರಹ! ಬರೆದದ್ದೂ ಮಾಡಿದ ಹಾಗೆಯೇ ಎಂದ ನ್ಯಾಯಾಧೀಶ ಜೆಫ್ರೀಸ್. ಡಿಸೆಂಬರ್ 7ರಂದು ಸಿಡ್ನಿಯ ತಲೆ ಹೋಯಿತು. ಅಂಥದೇ ಹಸ್ತಪ್ರತಿ ಇದ್ದ ಲಾಕ್ ಅಷ್ಟರಲ್ಲಿ ಹಾಲೆಂಡ್ ಸೇರಿದ್ದ. ಅವನ ಕಾಗದಗಳಲ್ಲಿ ಕಾಣುವ ‘ಫ್ರೆಂಚ್ ರೋಗ’ದ ಮೇಲಿನ ಲ್ಯಾಟಿನ್ ಶೀರ್ಷಿಕೆಯ ಗ್ರಂಥ ಈ ಪುಸ್ತಕದ ಗುಪ್ತನಾಮ ಎಂದು ಲ್ಯಾಸ್ಲೆಟ್ ಊಹಿಸಿದ್ದಾರೆ. ಫ್ರೆಂಚ್ ರೋಗವೆಂದರೆ ವೈದ್ಯರಿಗೆ ಮೇಹರೋಗ, ಲಾಕ್‌ನ ಬಳಗಕ್ಕೆ ಹದಿನಾಲ್ಕನೆಯ ಲೂಯಿಯ ಮಾದರಿಯ ನಿರಂಕುಶ ಆಳ್ವಿಕೆ. ಸಾಬೀತಾಗಿಲ್ಲ, ಆದರೂ ವೈದ್ಯನಿಗೆ ಒಪ್ಪುವ ತಮಾಷೆ.

ಕ್ರಾಂತಿಗೆ ಈ ಪುಸ್ತಕದಿಂದ ಏನೂ ಸಿಗಲಿಲ್ಲ. 1689ರ ಜನವರಿ 28ರಂದು ಕಾಮನ್ಸ್ ಸಭೆ, ಜೇಮ್ಸ್ ಪ್ರಜೆಗಳೊಡನೆ ಇದ್ದ ಮೂಲ ಒಪ್ಪಂದವನ್ನು ಮುರಿದು, ದೇಶ ಬಿಟ್ಟುಹೋಗಿ ರಾಜ್ಯತ್ಯಾಗ ಮಾಡಿದ್ದಾನೆ, ಸಿಂಹಾಸನ ಖಾಲಿಯಾಗಿದೆ ಎಂದು ನಿರ್ಣಯಿಸಿತು. ರಾಣಿಯಾಗಲಿದ್ದ ಮೇರಿಯ ಹಡಗಿನಲ್ಲಿ ಲಾಕ್ ಇಂಗ್ಲೆಂಡಿಗೆ ಬಂದಿಳಿದದ್ದು ಫೆಬ್ರುವರಿ 12ಕ್ಕೆ. ಮಾರನೆಯ ದಿನವೇ ವಿಲಿಯಮ್, ಮೇರಿ ಕಿರೀಟ ಒಪ್ಪಿಕೊಂಡರು. ಸಭೆಯ ಮಾತಿಗೂ ಲಾಕ್‌ನ ಮಾತಿಗೂ ದೂರ ಸಾಕಷ್ಟಿದೆ. ಅರಸ ಹೋದ, ವ್ಯವಸ್ಥೆ ಉಳಿಯಿತು ಎಂಬುದು ಸಭೆಯ ನಿಲುವು. ಸರ್ಕಾರವೇ ಒಡೆದಾಗ ಅಧಿಕಾರ ಜನರಿಗೆ ಮರಳುತ್ತದೆ, ಹೊಸದಾಗಿ ಕಟ್ಟುವ ಹಕ್ಕೂ ಅವರದೇ ಎಂಬುದು ಲಾಕ್‌ನದು. ಇನ್ನೂ ರಾಟರ್‌ಡ್ಯಾಮ್‌ನಲ್ಲಿದ್ದಾಗಲೇ ಗೆಳೆಯ ಎಡ್ವರ್ಡ್ ಕ್ಲಾರ್ಕ್‌ಗೆ ಬರೆದ ಪತ್ರದಲ್ಲಿ, ಈ ಸಭೆ ತನ್ನನ್ನು ಮಾಮೂಲಿ ಸಂಸತ್ತೆಂದು ಭಾವಿಸಿ ಸಣ್ಣಪುಟ್ಟ ರಿಪೇರಿಗೆ ಇಳಿಯಬಾರದೆಂಬ ಕಳವಳ ಅವನಿಗಿತ್ತು. ನಡೆದದ್ದು ಬಹುಮಟ್ಟಿಗೆ ಅದೇ. ಹಾಗಾಗಿ ಮುನ್ನುಡಿಯ ರಾಜಭಕ್ತಿಯನ್ನು ನಾನು ಓದುವುದು ಮೈಮೇಲಿನ ಶಾಲಿನ ಹಾಗೆ: ಒಳಗಿದ್ದದ್ದು ವಿಲಿಯಮ್‌ನಿಗೂ ಅಷ್ಟೇನೂ ಹಿತವಲ್ಲದ ವಾದ.

ಬದುಕಿರುವವರೆಗೆ ಲಾಕ್ ಪುಸ್ತಕ ತನ್ನದೆಂದು ಬಹಿರಂಗವಾಗಿ ಒಪ್ಪಲಿಲ್ಲ. ಹಳೆಯ ಗೆಳೆಯ ಜೇಮ್ಸ್ ಟಿರೆಲ್ ಕೆದಕಿದಾಗಲೂ ಜಾರಿಕೊಂಡ. ಒಪ್ಪಿದ್ದು 1704ರಲ್ಲಿ, ಸಾಯುವ ಮುಂಚೆ ಉಯಿಲಿಗೆ ಸೇರಿಸಿದ ಟಿಪ್ಪಣಿಯಲ್ಲಿ. ಅಷ್ಟರಲ್ಲಿ ಪುಸ್ತಕ ಅವನ ಕೈತಪ್ಪಿತ್ತು. 1691ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಂದ ಡೇವಿಡ್ ಮಜೆಲ್‌ನ ಫ್ರೆಂಚ್ ಅನುವಾದದಲ್ಲಿ ಮೊದಲ ಪ್ರಬಂಧವೇ ಇಲ್ಲ. 1773ರ ಬಾಸ್ಟನ್ ಮುದ್ರಣವೂ ಎರಡನೆಯದನ್ನು ಮಾತ್ರ ಕೊಟ್ಟಿತು. ಹದಿನೆಂಟನೆಯ ಶತಮಾನದ ಫ್ರೆಂಚ್ ಓದುಗರ, ಅಮೆರಿಕದ ಬಂಡುಕೋರರ ಕೈಗೆ ಹೀಗೆ ಬಂದ ಪಠ್ಯದಲ್ಲಿ ಫಿಲ್ಮರ್‌ನೊಡನೆ ನಡೆದ ಆ ಉದ್ದದ ಕಾದಾಟವಿರಲಿಲ್ಲ. ಬರಹ ಯಾವ ವರ್ಷದ್ದೆಂದು ಪತ್ತೆಹಚ್ಚಲು ಮುಖ್ಯವಾದ ಸುಳಿವೂ ಅದರೊಂದಿಗೆ ಹೊರಗುಳಿಯಿತು.